ಸಹಾಯಕ್ಕೆ ಯಾರೂ ಇಲ್ಲದಾಗ ದಡದಿಂದ ಕೈಟ್ ಏರಿಸುವುದು: ಕೋನ ಎಷ್ಟು, ಮರಳು ಎಷ್ಟು?

ಗಾಳಿಮುಖ (ಪ್ರಶ್ನೆ)

ಕೈಟ್‌ಬೋರ್ಡಿಂಗ್ (ದೊಡ್ಡ ಗಾಳಿಪಟದ ಎಳೆತದಲ್ಲಿ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಆಡುತ್ತೇನೆ. ಇನ್ನೊಬ್ಬರು ಕೈಟ್ ಹಿಡಿದುಕೊಟ್ಟರೆ ಏರಿಸುವುದು, ನೀರಿಗೆ ಬಿದ್ದದ್ದನ್ನು ಮತ್ತೆ ಎಬ್ಬಿಸುವುದು, ಎರಡೂ ಬರುತ್ತದೆ. ಮರಳಿನ ಮೇಲಿಂದ ಒಬ್ಬನೇ ಏರಿಸುವ ವಿಷಯಕ್ಕೆ ಬಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ತುದಿ ಮಡಚಿ ಮರಳು ಹಾಕು ಅನ್ನುವವರಿದ್ದಾರೆ, ಚಿಕನ್ ಲೂಪನ್ನು (ಬಾರ್ ಅನ್ನುವ ಹಿಡಿಕೋಲನ್ನು ಹಾರ್ನೆಸ್ ಅನ್ನುವ ಸೊಂಟಪಟ್ಟಿಯ ಕೊಕ್ಕೆಗೆ ಸಿಕ್ಕಿಸುವ ಕುಣಿಕೆ) ಗೂಟಕ್ಕೆ ಸಿಕ್ಕಿಸು ಅನ್ನುವವರೂ ಇದ್ದಾರೆ.

ಕೈಟ್ 9 ಚದರ ಮೀಟರ್, ಮೂರು ಸ್ಟ್ರಟ್ (ಅಡ್ಡ ಗಾಳಿಕೊಳವೆ), ಬ್ರೈಡಲ್ (ಮುಂದಿನ ಅಂಚಿಗೆ ಕಟ್ಟಿದ ಕವಲುದಾರ) ಇರುವ ಗಾಳಿ ತುಂಬುವ ಜಾತಿ. ನಾಲ್ಕು ಲೈನ್, 22 ಮೀಟರ್. ನನ್ನ ತೂಕ 72 ಕೆ.ಜಿ. ಗಾಳಿ 16ರಿಂದ 18 ನಾಟ್, ಸಮುದ್ರದ ಕಡೆಯಿಂದ ದಡಕ್ಕೆ ಓರೆಯಾಗಿ ಬರುತ್ತದೆ. ಕೈಟನ್ನು ಯಾವ ಕೋನದಲ್ಲಿ ಇಡಬೇಕು, ಮರಳು ಎಷ್ಟು ಹಾಕಬೇಕು, ನೀರಿನ ಕಡೆ ಇಡಬೇಕೋ ನೆಲದ ಕಡೆಯೋ? ಲೆಕ್ಕ ಹಾಕಿ ಹೇಳುವವರಿದ್ದರೆ ಉಪಕಾರ.

ಓರೆಗಾಳಿ

ಮೊದಲು ಜಾಗದ ಮಾತು. ನೀವು ನಿಲ್ಲುವಲ್ಲಿಂದ ಗಾಳಿ ಹೋಗುವ ದಿಕ್ಕಿಗೆ ಕನಿಷ್ಠ ಎರಡು ಲೈನ್ ಉದ್ದ, ಅಂದರೆ ಸುಮಾರು 50 ಮೀಟರ್ ಬಯಲಿರಬೇಕು. ಕಲ್ಲು, ಬೇಲಿ, ವಾಹನ, ಜನ ಏನೂ ಇರಬಾರದು. ನೂರು ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮಲ್ಲಿ ಗಾಳಿ ಓರೆಯಾಗಿ ದಡಕ್ಕೆ ಬರುವುದರಿಂದ ಪವರ್ ಝೋನ್ (ಗಾಳಿ ಹೋಗುವ ದಿಕ್ಕಿನಲ್ಲಿ ಕೈಟ್ ಅತಿ ಜೋರಾಗಿ ಎಳೆಯುವ ಜಾಗ) ಸ್ವಲ್ಪ ನೆಲದ ಕಡೆಗೇ ಬೀಳುತ್ತದೆ. ಹಾಗಾಗಿ ಈ 50 ಮೀಟರನ್ನು ಅಂದಾಜಿನಲ್ಲಿ ಬಿಡದೆ ಹೆಜ್ಜೆ ಹಾಕಿ ಅಳೆಯಿರಿ. ಗಾಳಿ ನೇರವಾಗಿ ದಡಕ್ಕೆ ನುಗ್ಗುತ್ತಿದ್ದರೆ ಒಬ್ಬರೇ ಏರಿಸುವ ಯೋಚನೆಯೇ ಬೇಡ. ದಡದಿಂದ ಸಮುದ್ರಕ್ಕೆ ಬೀಸುತ್ತಿದ್ದರೆ ರಕ್ಷಣಾ ದೋಣಿ ಇಲ್ಲದೆ ಇಳಿಯಲೇಬಾರದು, ಅದರಲ್ಲಿ ಚರ್ಚೆಗೆ ಏನೂ ಇಲ್ಲ.

ಕೈಟ್ ಇರಬೇಕಾದ್ದು ನೀರಿನ ಕಡೆ. ಬೆನ್ನಿಗೆ ಗಾಳಿ ಕೊಟ್ಟು ನಿಂತಾಗ ಸಮುದ್ರ ಬಲಕ್ಕಿದ್ದರೆ ಕೈಟೂ ಬಲಕ್ಕೆ. ಏನಾದರೂ ಕೆಟ್ಟರೆ ಅದು ನೀರಿಗೆ ಬೀಳಲಿ, ಜನರ ಮೇಲಲ್ಲ.

ಇನ್ನು ಕೋನ. ಗಾಳಿ ನೇರವಾಗಿ ಹೋಗುವ ದಿಕ್ಕನ್ನು ಸೊನ್ನೆ ಡಿಗ್ರಿ ಅಂದುಕೊಳ್ಳಿ. ಪುಸ್ತಕದ ಪ್ರಕಾರ ವಿಂಡ್ ವಿಂಡೋದ (ಕೈಟ್ ಹಾರಬಲ್ಲ ವಲಯದ) ಅಂಚು 90 ಡಿಗ್ರಿಯಲ್ಲಿದೆ, ಆದರೆ ಗಾಳಿ ತುಂಬುವ ಕೈಟ್ ಅಲ್ಲಿಯವರೆಗೆ ಹೋಗುವುದಿಲ್ಲ. ನಿಮಗೆ ಬೇಕಾದ್ದು ಸುಮಾರು 80. ದಡದಲ್ಲಿ ಕೋನಮಾಪಕ ಹಿಡಿದು ಯಾರೂ ನಿಲ್ಲುವುದಿಲ್ಲವಾದ್ದರಿಂದ ಮೀಟರಿನಲ್ಲಿ ಹೇಳುತ್ತೇನೆ. ಬಾರ್ ಇರುವ ಜಾಗದಿಂದ ಗಾಳಿಗೆ ಸರಿಯಾಗಿ ಅಡ್ಡಕ್ಕೆ ಮರಳಿನ ಮೇಲೆ ಹಿಮ್ಮಡಿಯಲ್ಲಿ ಒಂದು ಗೆರೆ ಎಳೆಯಿರಿ. 22 ಮೀಟರ್ ಲೈನಿಗೆ 80 ಡಿಗ್ರಿ ಅಂದರೆ ಕೈಟ್ ಆ ಗೆರೆಗಿಂತ ಗಾಳಿ ಹೋಗುವ ಕಡೆಗೆ ಸುಮಾರು 4 ಮೀಟರ್ ಆಚೆ ಇರಬೇಕು. ಏಳೂವರೆ ಮೀಟರ್ ಆಚೆ ಹೋದರೆ 70 ಡಿಗ್ರಿ, 11 ಮೀಟರ್ ಹೋದರೆ 60. ಅರವತ್ತರಲ್ಲಿಟ್ಟ ಕೈಟ್ ಏಳುತ್ತದೆ ಅನ್ನುವುದಕ್ಕಿಂತ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ ಅನ್ನುವುದೇ ಸರಿ. ಏಳೆಂಟು ಹೆಜ್ಜೆಯ ವ್ಯತ್ಯಾಸ ಅಷ್ಟೆ.

ಗಾಳಿಯ ದಿಕ್ಕನ್ನು ಒಣ ಮರಳು ಉದುರಿಸಿ ನೋಡುವುದಾದರೆ ಭುಜದ ಎತ್ತರದಿಂದ ಉದುರಿಸಿ, ಅದೂ ಕೈಟ್ ಇಡುವ ಜಾಗದಲ್ಲೇ. ಮರಳುದಿಬ್ಬದ ಹಿಂದೆ ಗಾಳಿ ಸುಳಿ ತಿರುಗುತ್ತದೆ, ಬಾರ್ ಹತ್ತಿರ ಒಂದು ದಿಕ್ಕು ತೋರಿಸಿ ಕೈಟ್ ಹತ್ತಿರ ಇನ್ನೊಂದು ತೋರಿಸಬಹುದು. ಹಾಗಿದ್ದರೆ ಆ ಜಾಗ ಬಿಟ್ಟುಬಿಡಿ.

ಈಗ ಮಡಿಕೆ. ಕೈಟನ್ನು ಪಕ್ಕಕ್ಕೆ ತಿರುಗಿಸಿ ಒಂದು ತುದಿಯ ಮೇಲೆ ನಿಲ್ಲಿಸಿ. ಲೀಡಿಂಗ್ ಎಡ್ಜ್ (ಗಾಳಿ ತುಂಬಿದ ಮುಂದಿನ ಅಂಚು) ಗಾಳಿ ಬರುವ ಕಡೆಗೆ, ಒಳಬಾಗಿದ ಬದಿ ನಿಮ್ಮ ಬಾರ್ ಇರುವ ಕಡೆಗೆ. ಕೆಳಗಿನ ತುದಿಯ ಕೊನೆಯ ಎರಡು ಗೇಣನ್ನು ಒಳಮುಖವಾಗಿ ಮಡಚಿ ನೆಲಕ್ಕೆ ಒತ್ತಿ. ತುದಿಯಲ್ಲಿ ಟ್ಯೂಬ್ ಸಪೂರ ಇರುವುದರಿಂದ ಗಟ್ಟಿ ಗಾಳಿ ತುಂಬಿದ್ದರೂ ಸಾಮಾನ್ಯವಾಗಿ ಬಗ್ಗುತ್ತದೆ. ಬಗ್ಗದಿದ್ದರೆ ಕ್ಯಾನಪಿ ಬಟ್ಟೆಯನ್ನಷ್ಟೇ ಒಳಕ್ಕೆ ಮಡಚಿದರೂ ನಡೆಯುತ್ತದೆ. ಆ ಮಡಿಕೆಯ ಮೇಲೆ ಮರಳು. ನಿಮ್ಮ 9 ಮೀಟರಿಗೆ, 16 ನಾಟಿಗೆ, ಮೂರು ನಾಲ್ಕು ಬೊಗಸೆಯಿಂದ ಶುರುಮಾಡಿ. ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಅರ್ಧ ನಿಮಿಷ ನೋಡಿ. ಒಂದೆರಡು ಬೀಸು ಬಂದು ಹೋದರೂ ಕೈಟ್ ನಿಂತಲ್ಲೇ ತುಸು ಫಡಫಡಿಸುತ್ತ ನಿಂತರೆ ಸಾಕು. ಜರುಗಿದರೆ ಇನ್ನೊಂದು ಬೊಗಸೆ ಹಾಕಿ.

ಮರಳು ಒಣಗಿರಬೇಕು, ಇದು ಮುಖ್ಯ. ಒಣ ಮರಳು ತುದಿ ಎದ್ದ ಹಾಗೆ ಜಾರಿ ಉದುರುತ್ತದೆ, ಕೈಟ್ ಮೆತ್ತಗೆ ಏಳುತ್ತದೆ. ಒದ್ದೆ ಮರಳು ಮುದ್ದೆ ಕಟ್ಟಿ ಕೂರುತ್ತದೆ. ಲೈನ್ ಬಿಗಿಯಾದರೂ ಬಿಡುವುದಿಲ್ಲ. ನೀವು ಇನ್ನೂ ಹಿಂದೆ ವಾಲುತ್ತೀರಿ, ಎಳೆತ ಜಮೆಯಾಗುತ್ತದೆ, ಆಮೇಲೆ ಒಂದೇ ಸಲಕ್ಕೆ ಕಿತ್ತುಕೊಂಡು ಹಾರುತ್ತದೆ. ದಡದಲ್ಲಿ ಒದ್ದೆ ಮರಳು ಮಾತ್ರ ಇದ್ದರೆ ಒಣ ಮರಳು ತುಂಬಿದ ಚಿಕ್ಕ ಚೀಲ ಇಟ್ಟುಕೊಳ್ಳಿ. ಕಲ್ಲು, ಚಿಪ್ಪು ಬೇಡವೇ ಬೇಡ, ಬಟ್ಟೆ ಸೀಳುತ್ತದೆ.

ನಾಲ್ಕೆಳೆ

ಮೇಲಿನದಕ್ಕೆ ಲೈನಿನ ಭಾಗ ಸೇರಿಸುತ್ತೇನೆ. ಅಪಘಾತ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಮಡಚಿದ ತುದಿಯ ಬ್ಯಾಕ್ ಲೈನ್ (ಬಾರಿನ ತುದಿಯಿಂದ ಕೈಟಿನ ತುದಿಗೆ ಹೋಗುವ, ಕೈಟ್ ತಿರುಗಿಸುವ ಲೈನ್) ಮರಳಿನ ಅಡಿಗೆ ಸೇರಿಕೊಳ್ಳುವುದು ಬಹಳ ಸಾಮಾನ್ಯ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಹೂತ ಲೈನ್ ಅಂದರೆ ಎಳೆದು ಹಿಡಿದ ಲೈನ್. ಕೆಳಗಿನ ತುದಿಯದಾದರೆ ಕೈಟ್ ಏಳುವ ಬದಲು ಮೂಗು ತಿರುಗಿಸಿ ನೆಲಕ್ಕೆ ಕುಕ್ಕುತ್ತದೆ. ಮೇಲಿನ ತುದಿಗೋ ಅಲ್ಲಿನ ಬ್ರೈಡಲ್‌ಗೋ ಲೈನ್ ಸುತ್ತಿಕೊಂಡಿದ್ದರೆ ಕಥೆ ಬೇರೆ. ಕೈಟ್ ಮೇಲಕ್ಕೆ ತಿರುಗಿ, ತಿರುಗುತ್ತಲೇ ಪವರ್ ಝೋನಿನೊಳಗೆ ಸುತ್ತು ಹೊಡೆಯುತ್ತದೆ. ಪ್ರತಿ ಸುತ್ತಿಗೂ ಪೂರ್ತಿ ಎಳೆತ. ಬಾರ್ ಬಿಟ್ಟರೂ ನಿಲ್ಲುವುದಿಲ್ಲ, ಕ್ವಿಕ್ ರಿಲೀಸ್ (ಕೈಟಿನ ಎಳೆತವನ್ನು ಒಂದೇ ಸಲಕ್ಕೆ ಬಿಡಿಸುವ ಸಾಧನ) ಒಂದೇ ದಾರಿ. ಆದ್ದರಿಂದ ಮರಳು ಹಾಕುವ ಮುಂಚೆ ಕೆಳಗಿನ ತುದಿಯ ಲೈನನ್ನು ಕೈಯಲ್ಲಿ ಹಿಡಿದು ಮಡಿಕೆಯಿಂದ ಹೊರಗೆ, ಬಾರ್ ಕಡೆಗೆ ಬಿಡಿಸಿಡಿ. ಮರಳು ಹಾಕಿದ ಮೇಲೆ ಇನ್ನೊಂದು ಸಲ ಅದೇ ಲೈನನ್ನು ಒಂದು ಮೊಳ ಎತ್ತಿ ನೋಡಿ.

ಆಮೇಲೆ ಬಾರ್ ಕಡೆಗೆ ನಡೆಯುವಾಗ ನಾಲ್ಕೂ ಲೈನನ್ನು ಬೆರಳ ಸಂದಿಯಲ್ಲಿ ಸಡಿಲವಾಗಿ ಹರಿಯಬಿಟ್ಟುಕೊಂಡು ಬನ್ನಿ. ಗಂಟು, ಕಡ್ಡಿ, ಸಮುದ್ರಪಾಚಿ ಏನಿದ್ದರೂ ಬೆರಳಿಗೆ ಸಿಗುತ್ತದೆ. ಜಗ್ಗಬೇಡಿ, ಕೈಗೆ ಸುತ್ತಿಕೊಳ್ಳಲಂತೂ ಬೇಡಿ. ಸೊಂಟಕ್ಕೆ ಹೋಗುವ ಎರಡು ಫ್ರಂಟ್ ಲೈನ್ ಲೀಡಿಂಗ್ ಎಡ್ಜಿನ ಬ್ರೈಡಲಿಗೆ, ಬಾರಿನ ಎರಡು ತುದಿಯ ಬ್ಯಾಕ್ ಲೈನ್ ಕೈಟಿನ ಎರಡು ತುದಿಗೆ. ಇವು ಅದಲುಬದಲಾದರೆ ಕೈಟಿಗೆ ಡಿಪವರ್ (ಬಾರ್ ದೂರ ತಳ್ಳಿ ಎಳೆತ ತಗ್ಗಿಸುವುದು) ಅನ್ನುವುದೇ ಇರುವುದಿಲ್ಲ. ಈಗಿನ ಬಹುತೇಕ ಸೆಟ್ಟುಗಳಲ್ಲಿ ಒಂದಕ್ಕೆ ಗಂಟು, ಇನ್ನೊಂದಕ್ಕೆ ಕುಣಿಕೆ ಕೊಟ್ಟಿರುವುದು ಇದಕ್ಕೇ, ಆದರೂ ಕಣ್ಣಿನಿಂದ ನೋಡುವುದು ತಪ್ಪುವುದಿಲ್ಲ.

ಬಾರ್ ಸಾಮಾನ್ಯವಾಗಿ ಎಡಗೈ ಕಡೆ ಕೆಂಪು. ಕೈಟ್ ನಿಮ್ಮ ಬಲಕ್ಕಿದ್ದರೆ ಮೇಲಿರುವ ತುದಿ ಎಡಗೈಯದು, ಅಂದರೆ ಏರಿಸಲು ಎಳೆಯಬೇಕಾದ್ದು ಎಡಗೈ. ಬಾರ್ ತಿರುಗುಮುರುಗಾಗಿ ಹಿಡಿದರೆ ಮೇಲೇರಿಸಲು ಹೋಗಿ ಕೆಳಕ್ಕೆ ತಿರುಗಿಸುತ್ತೀರಿ.

ಲೈನ್ ಉದ್ದವನ್ನೂ ಆಗಾಗ ಅಳೆಯಿರಿ. ಫ್ರಂಟ್ ಲೈನಿಗೆ ಭಾರ ಹೆಚ್ಚು, ಬಳಸಿದ ಹಾಗೆ ಅವು ಬ್ಯಾಕ್ ಲೈನಿಗಿಂತ ಉದ್ದವಾಗುತ್ತವೆ. ನಾಲ್ಕನ್ನೂ ಒಂದು ಕಂಬಕ್ಕೆ ಸಿಕ್ಕಿಸಿ, ಟ್ರಿಮ್ (ಫ್ರಂಟ್ ಲೈನಿನ ಉದ್ದ ಹೊಂದಿಸುವ ಪಟ್ಟಿ) ಪೂರ್ತಿ ಬಿಟ್ಟು, ಬಾರನ್ನು ಪೂರ್ತಿ ಒಳಗೆಳೆದು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಬ್ಯಾಕ್ ಲೈನ್ ಗಿಡ್ಡವಿದ್ದ ಕೈಟ್ ಏಳುವಾಗಲೇ ಹಿಂದಕ್ಕೆ ಜಾರಿ ಕೂರುತ್ತದೆ. ಜನ ಅದನ್ನು ಗಾಳಿ ಸಾಲದು ಅಂದುಕೊಂಡು ಬಾರ್ ಇನ್ನೂ ಒಳಗೆಳೆಯುತ್ತಾರೆ, ಅದರಿಂದ ಇನ್ನಷ್ಟು ಜಾರುತ್ತದೆ.

ಗಾಳಿಮುಖ

ಗೆರೆ, 4 ಮೀಟರ್, ಲೈನ್, ಎಲ್ಲ ಅರ್ಥವಾಯಿತು. ಬಾರ್ ಕೈಗೆತ್ತಿಕೊಂಡ ಮೇಲಿನ ಕ್ರಮ ಹೇಳಿ. ಕ್ಯಾನಪಿ ಪಟಪಟ ಅಂತಲೇ ಇದ್ದರೆ ಯಾವ ಕಡೆ ನಡೆಯಬೇಕು? ಗೂಟದ ವಿಧಾನದ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಓರೆಗಾಳಿ

ಮೊದಲು ಲೀಶ್ (ರಿಲೀಸ್ ಬಿಚ್ಚಿದ ಮೇಲೂ ಕೈಟ್ ಹಾರಿಹೋಗದಂತೆ ನಿಮಗೆ ಕಟ್ಟಿರುವ ಪಟ್ಟಿ), ಆಮೇಲೆ ಚಿಕನ್ ಲೂಪ್, ಲೂಪ್ ಜಾರದಂತೆ ಅದರ ಫಿಂಗರ್ (ಕೊಕ್ಕೆಗೆ ತೂರಿಸುವ ಕಡ್ಡಿ). ಲೀಶ್ ಒಂದೇ ಫ್ರಂಟ್ ಲೈನಿನಲ್ಲಿ ಕೈಟನ್ನು ಮಲಗಿಸುವ ಜಾಗಕ್ಕೆ ಸಿಕ್ಕಿರಬೇಕು. ಹ್ಯಾಂಡಲ್ ಪಾಸ್ (ನೆಗೆದಾಗ ಬಾರನ್ನು ಬೆನ್ನ ಹಿಂದೆ ಕೈಯಿಂದ ಕೈಗೆ ದಾಟಿಸುವ ಕಸರತ್ತು) ಮಾಡುವವರು ಚಿಕನ್ ಲೂಪಿಗೇ ಲೀಶ್ ಹಾಕುತ್ತಾರೆ, ದಡದಲ್ಲಿ ಏರಿಸುವಾಗ ಅದು ಕೂಡದು. ಕ್ವಿಕ್ ರಿಲೀಸನ್ನು ಕೈಟ್ ಮರಳಿನಲ್ಲಿರುವಾಗಲೇ, ಕೊಕ್ಕೆಗೆ ಹಾಕುವ ಮುಂಚೆ, ಒಂದು ಸಲ ಬಿಚ್ಚಿ ಮತ್ತೆ ಜೋಡಿಸಿ. ಹೀಗೆ ಬಿಚ್ಚಿಕೊಳ್ಳುವ ಸಾಧನಕ್ಕೆ 2020ರಲ್ಲಿ ಐಎಸ್‌ಒ 21853 ಅನ್ನುವ ಮಾನದಂಡವೇ ಬಂದಿದೆ. ಆದರೆ ಆ ಸಾಧನದ ಕೊಳವೆಯೊಳಗೆ ಮರಳು ಸೇರಿ ಜಾಮ್ ಆದರೆ ಯಾವ ಮಾನದಂಡವೂ ಉಪಯೋಗಕ್ಕೆ ಬರುವುದಿಲ್ಲ, ಸಿಹಿನೀರಿನಲ್ಲಿ ತೊಳೆಯುತ್ತಿರಬೇಕು.

ಟ್ರಿಮ್ ಪಟ್ಟಿ ಮೂರನೇ ಒಂದು ಭಾಗ ಎಳೆದಿರಲಿ. ಪೂರ್ತಿ ಎಳೆದರೆ ಕೈಟ್ ಬರೀ ಪಟಪಟಿಸುತ್ತದೆ, ತಿರುಗಿಸಿದರೂ ಕೇಳುವುದಿಲ್ಲ. ಬಾರ್ ದೂರದಲ್ಲಿ, ಒಂದು ಕೈ ಬಾರಿನ ನಡುವಿನಲ್ಲಿ, ಇನ್ನೊಂದು ಕೈ ಕ್ವಿಕ್ ರಿಲೀಸ್ ಮೇಲೆ.

ಈಗ ನಡಿಗೆ. ಕೈಟ್ ತುಸು ಪಟಪಟಿಸುವ ಸ್ಥಿತಿಯಿಂದಲೇ ಶುರುವಾಗಬೇಕು. ಲೈನಿನ ಸಡಿಲು ಹೋಗುವಷ್ಟು ಮಾತ್ರ ಹಿಂದೆ ಸರಿದು ಬಿಗಿ ಮಾಡಿ ನೋಡಿ. ಪಟಪಟ ಅನ್ನುತ್ತಲೇ ಇದ್ದರೆ ನೀವು ಗಾಳಿ ಬರುವ ಕಡೆಗೆ ಒಂದೊಂದೇ ಹೆಜ್ಜೆ ಸರಿಯಿರಿ. ನೀವು ಆ ಕಡೆ ಸರಿದ ಹಾಗೆ ಕೈಟ್ ವಿಂಡೋದೊಳಕ್ಕೆ ಬರುತ್ತದೆ. 4 ಮೀಟರ್ ಸರಿದರೆ ಹೆಚ್ಚುಕಡಿಮೆ 10 ಡಿಗ್ರಿ, ಆದ್ದರಿಂದ ಐದಾರು ಹೆಜ್ಜೆಗಿಂತ ಹೆಚ್ಚು ಬೇಕಾಯಿತು ಅಂದರೆ ಕೋನವೇ ತಪ್ಪಿದೆ, ಕೈಟ್ ಹತ್ತಿರ ಹೋಗಿ ಮತ್ತೆ ಇಡಿ. ಹಿಂದಿನ ಅಂಚು ನಡುಕ ನಿಲ್ಲಿಸಿ ಬಟ್ಟೆ ಉಬ್ಬಿ ನಿಂತ ಕ್ಷಣದಲ್ಲಿ ನಡಿಗೆ ನಿಲ್ಲಿಸಿ. ಮೇಲಿನ ತುದಿಯ ಲೈನನ್ನು ಒಮ್ಮೆ ಉದ್ದಕ್ಕೂ ನೋಡಿ. ಸರಿಯಿದ್ದರೆ ಅರ್ಧ ಹೆಜ್ಜೆ ಹಿಂದೆ. ಮಡಿಕೆ ಬಿಚ್ಚಿಕೊಳ್ಳುತ್ತದೆ, ಮರಳು ಸುರಿಯುತ್ತದೆ, ಕೈಟ್ ತುದಿಯ ಮೇಲೆ ನಿಲ್ಲುತ್ತದೆ. ಬಾರನ್ನು ಮೇಲಿನ ತುದಿಯ ಕಡೆಯ ಕೈಯಲ್ಲಿ ಎರಡು ಬೆರಳಷ್ಟು ಎಳೆದರೆ ಏರತೊಡಗುತ್ತದೆ.

ಬದಲಿಗೆ ಬಿಗಿ ಮಾಡಿದ ಕೂಡಲೇ ಬಟ್ಟೆ ಗಟ್ಟಿ ಉಬ್ಬಿ ಸೊಂಟ ಎಳೆಯಿತು ಅಂದರೆ ಕೈಟ್ ಒಳಗೆ ತೀರಾ ಆಳದಲ್ಲಿದೆ. ಆಗ ಹಿಂದೆ ಸರಿಯಬೇಡಿ, ಗಾಳಿ ಹೋಗುವ ಕಡೆಗೆ ನಡೆದು ಸಡಿಲಿಸಿ. ಸರಿಹೋಗದಿದ್ದರೆ ರಿಲೀಸ್ ಒತ್ತಿ, ಮರಳಲ್ಲಿರುವ ಕೈಟಿಗೆ ಏನೂ ಆಗುವುದಿಲ್ಲ.

ಇನ್ನೊಂದು ಬದಿಯ ತೊಂದರೆ, ಕೈಟ್ ಅಂಚಿಗಿಂತ ಆಚೆ ಇದ್ದು ನೀವು ಬಲವಂತಕ್ಕೆ ಎಬ್ಬಿಸುವುದು. ಎದ್ದ ಹಾಗೆ ಮಾಡುತ್ತದೆ, ನಿಮ್ಮ ತಲೆಯ ಕಡೆಗೆ ತೇಲುತ್ತದೆ, ಲೈನ್ ಸಡಿಲವಾಗುತ್ತದೆ, ಆಮೇಲೆ ಗಾಳಿ ಅದನ್ನು ಹಿಂದಕ್ಕೆ ತಳ್ಳಿ ಪವರ್ ಝೋನಿನಲ್ಲಿ ಬಿಡುತ್ತದೆ. ಲೈನ್ ಮತ್ತೆ ಬಿಗಿಯಾಗುವ ಆ ಒಂದು ಜಗ್ಗಿಗೆ ಜನ ನೆಲದಿಂದ ಏಳುತ್ತಾರೆ. ಲೈನ್ ಸಡಿಲವಾದದ್ದು ಕಂಡ ತಕ್ಷಣ ಗಾಳಿ ಬರುವ ಕಡೆಗೆ ಹಿಮ್ಮುಖವಾಗಿ ಓಡಿ ಬಿಗಿ ಹಿಡಿಯಿರಿ. ಆಗದಿದ್ದರೆ ಬಿಗಿಯಾಗುವ ಮುಂಚೆಯೇ ಬಿಚ್ಚಿಬಿಡಿ.

ಏರಿದ ಮೇಲೆ ನೆತ್ತಿಗೆ ತರಬೇಡಿ. ನೀರಿನ ಮೇಲೆ 45 ಡಿಗ್ರಿ ಎತ್ತರದಲ್ಲಿ ನಿಲ್ಲಿಸಿ ನೇರ ನೀರಿಗೆ ನಡೆಯಿರಿ. ಕೈಟ್ ಕೆಳಗಿದ್ದಾಗ ಬೀಸು ಬಂದರೆ ಪಕ್ಕಕ್ಕೆ ಎಳೆಯುತ್ತದೆ, ನೆತ್ತಿಯಲ್ಲಿದ್ದರೆ ಮೇಲಕ್ಕೆ ಎತ್ತುತ್ತದೆ. ಇನ್ನೊಂದು ವಿಷಯ, ನೆಲದ ಹತ್ತಿರ ಗಾಳಿ ಮೆಲ್ಲಗಿರುತ್ತದೆ, ಮೇಲೆ ಹೋದಂತೆ ಜೋರು. ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ, 16 ನಾಟ್ 20 ಆದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಮರಳಿನಲ್ಲಿ ಸಾಧುವಾಗಿದ್ದ ಕೈಟ್ ಹತ್ತು ಮೀಟರ್ ಎತ್ತರದಲ್ಲಿ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ.

ಗೂಟದವ

ಗೂಟದ ವಿಧಾನ ನಾನು ಹೇಳುತ್ತೇನೆ. ಚಿಕನ್ ಲೂಪನ್ನು ಕ್ಯಾರಬೈನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಮೂಲಕ ಅಲುಗಾಡದ ಆಧಾರಕ್ಕೆ ಸಿಕ್ಕಿಸಿ, ಕೈಟ್ ಹತ್ತಿರ ಹೋಗಿ ಅದನ್ನು ಪಕ್ಕಕ್ಕೆ ತಿರುಗಿಸಿ, ಲೈನ್ ಬಿಗಿಯಾಗುವವರೆಗೆ ಗಾಳಿ ಹೋಗುವ ಕಡೆಗೆ ನಡೆಸಿದರೆ ಅಂಚಿನಲ್ಲಿ ತುದಿಯ ಮೇಲೆ ತಾನೇ ನಿಲ್ಲುತ್ತದೆ. ವಾಪಸ್ ಬಂದು ಹಾರ್ನೆಸ್‌ಗೆ ಹಾಕಿಕೊಂಡು ಕ್ಯಾರಬೈನರ್ ಬಿಚ್ಚಿದರಾಯಿತು. ಮರಳು, ಮಡಿಕೆ ಯಾವುದರ ರಗಳೆಯೂ ಇಲ್ಲ. ಕೋನವನ್ನು ಕೈಟ್ ಹಿಡಿದುಕೊಂಡೇ ತಿದ್ದಬಹುದು, ಇದು ದೊಡ್ಡ ಅನುಕೂಲ. ಮರಳಿನ ವಿಧಾನದಲ್ಲಿ ಕೋನ ತಪ್ಪಿದರೆ ಮತ್ತೆ 22 ಮೀಟರ್ ನಡೆಯಬೇಕು.

ನಾಲ್ಕೆಳೆ

ಅನುಕೂಲ ಒಪ್ಪುತ್ತೇನೆ, ಆದರೆ ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದಿಲ್ಲ. ನೀವು ಕೈಟಿನಿಂದ ಬಾರ್ ಕಡೆಗೆ ನಡೆಯುವ ಆ ಇಪ್ಪತ್ತು ಮೂವತ್ತು ಸೆಕೆಂಡು ಲೈನ್ ಬಿಗಿಯಾಗಿದೆ, ಕೈಟ್ ಏಳಲು ತಯಾರಾಗಿದೆ, ಕ್ವಿಕ್ ರಿಲೀಸ್ ಹತ್ತಿರ ಯಾರೂ ಇಲ್ಲ. ಗಾಳಿ 15 ಡಿಗ್ರಿ ತಿರುಗಿದರೆ ಸಾಕು, ಕೈಟ್ ಒಬ್ಬರೂ ಇಲ್ಲದೆ ಹಾರುತ್ತದೆ. ಗೂಟ ಕಿತ್ತುಬಂದರೆ ಅದೂ ಲೈನಿನ ತುದಿಯಲ್ಲಿ ಹಾರುತ್ತದೆ. ಎರಡನೆಯದು, ಭಾರ ಬಿದ್ದ ಲೂಪನ್ನು ಹಾರ್ನೆಸ್‌ಗೆ ವರ್ಗಾಯಿಸುವುದು. ಎಳೆತದಲ್ಲಿ ಕ್ಯಾರಬೈನರ್ ಬಿಚ್ಚುವುದಿಲ್ಲ, ಬಿಚ್ಚಲು ಮುಂದಕ್ಕೆ ಬಾಗಬೇಕು, ಬೆರಳು ನಡುವೆ ಸಿಗುತ್ತದೆ. ಮರಳಿನ ವಿಧಾನದಲ್ಲಿ ನೀವು ಕೊಕ್ಕೆಗೆ ಹಾಕಿಕೊಳ್ಳುವಾಗ ಲೈನ್ ಸಡಿಲವಿರುತ್ತದೆ. ನನ್ನ ಲೆಕ್ಕದಲ್ಲಿ ಅದೊಂದೇ ಸಾಕು.

ಗೂಟ ಉಪಯೋಗಕ್ಕೆ ಬರುವುದು ಇಳಿಸುವಾಗ. ಮತ್ತೆ, ಒಬ್ಬರೇ ಏರಿಸುವವರು ಒಬ್ಬರೇ ಇಳಿಸುವುದನ್ನೂ ಕಲಿತಿರಬೇಕು, ಇದನ್ನು ಯಾಕೋ ಯಾರೂ ಕೇಳುವುದೇ ಇಲ್ಲ.

ಗೂಟದವ

ಗೂಟ ಅಂದದ್ದು ಬೊಂಬಿನ ಕಡ್ಡಿಯಲ್ಲ, ಕಾಂಕ್ರೀಟಿನಲ್ಲಿ ಹೂತ ಕೊಂಡಿ. ಆದರೂ ವರ್ಗಾವಣೆಯ ಮಾತು ಸರಿ. ರೂಢಿ ಇಲ್ಲದವರಿಗೆ ಬೇಡ.

ಗಾಳಿಮುಖ

ಹಾಗಾದರೆ ಮರಳಿನದೇ. ಇಳಿಸುವುದು ಹೇಗೆ ಅಂತಲೂ ಹೇಳಿಬಿಡಿ. ಗಾಳಿ ಎಷ್ಟಾದರೆ ಈ ಕೆಲಸಕ್ಕೆ ಕೈ ಹಾಕಬಾರದು?

ಓರೆಗಾಳಿ

ನಾಟಿನ ಅಂಕಿಗಿಂತ ಏರಿಳಿತ ನೋಡಿ. 18 ನಾಟ್ ಒಂದೇ ಸಮ ಇದ್ದರೆ ಸುಲಭ. 12ಕ್ಕೂ 20ಕ್ಕೂ ಹೊಯ್ದಾಡುತ್ತಿದ್ದರೆ ಸರಿಯಾದ ಕೋನ ಅನ್ನುವುದೇ ಇರುವುದಿಲ್ಲ, ತಗ್ಗಿನಲ್ಲಿ ಪಟಪಟಿಸಿದ ಕೈಟ್ ಬೀಸಿಗೆ ಸಿಡಿಯುತ್ತದೆ. ಕಪ್ಪು ಮೋಡದ ಸಾಲು ಹತ್ತಿರವಾಗುತ್ತಿದ್ದರೂ ಬೇಡ. ಆ ದಿನದ ಗಾಳಿಗೆ ನಿಮ್ಮ ಕೈಟ್ ದೊಡ್ಡದೋ ಅನ್ನುವ ಅನುಮಾನ ಇದ್ದರೂ ಬೇಡ. ನೀರಿನಲ್ಲಿ ಸಂಭಾಳಿಸಬಹುದಾದ ಹೆಚ್ಚುವರಿ ಎಳೆತವನ್ನು ಒಣನೆಲದಲ್ಲಿ ಸಂಭಾಳಿಸಲಾಗುವುದಿಲ್ಲ.

ಗಾಳಿ ತುಂಬುವುದರಲ್ಲೂ ಜಿಪುಣತನ ಬೇಡ. 9 ಮೀಟರಿಗೆ 7 ಪಿಎಸ್‌ಐ ಆಸುಪಾಸು, ಕೈಟಿನ ಮೇಲೆ ಬರೆದ ಅಂಕಿ ಬೇರೆಯಿದ್ದರೆ ಅದೇ ಸರಿ. ಮೆತ್ತಗಿರುವ ಕೈಟ್ ಏಳುವ ಹೊತ್ತಿಗೆ ನಡುವೆ ಮಡಚಿಕೊಳ್ಳುತ್ತದೆ.

ಇಳಿಸಲು ಸರಳ ದಾರಿ ಕ್ವಿಕ್ ರಿಲೀಸ್. ಕೈಟನ್ನು ನೀರಿನ ಕಡೆಯ ಅಂಚಿಗೆ ತಂದು ನೆಲದಿಂದ ಒಂದೆರಡು ಮೀಟರಿಗೆ ಇಳಿಸಿ, ಸುತ್ತ ಜನ ಇಲ್ಲ ಅಂತ ನೋಡಿ, ಒತ್ತಿ. ಕೈಟ್ ಒಂದೇ ಫ್ರಂಟ್ ಲೈನಿನಲ್ಲಿ ಬಾವುಟದಂತೆ ಮಲಗುತ್ತದೆ. ಆಮೇಲೆ ಆ ಒಂದು ಲೈನನ್ನು ಮಾತ್ರ, ಒಂದರ ಮುಂದೊಂದು ಕೈ ಇಡುತ್ತ, ಕೈಟಿನವರೆಗೆ ನಡೆಯಿರಿ. ಉಳಿದ ಮೂರು ನೆಲದಲ್ಲಿ ಸಡಿಲವಾಗಿಯೇ ಇರಬೇಕು. ಅವುಗಳಲ್ಲಿ ಒಂದು ಕಾಲಿಗೋ ಕಲ್ಲಿಗೋ ಸಿಕ್ಕಿ ಬಿಗಿಯಾದರೆ ಕೈಟ್ ಮತ್ತೆ ಗಾಳಿ ಹಿಡಿಯುತ್ತದೆ. ಕೈಟ್ ಮುಟ್ಟಿದ ಕೂಡಲೇ ಲೀಡಿಂಗ್ ಎಡ್ಜಿನ ನಡುವನ್ನು ಹಿಡಿದು ಗಾಳಿಗೆದುರು ಮಗುಚಿ, ಕ್ಯಾನಪಿ ಮೇಲೆ ಮರಳು ಹಾಕಿ. ಲೀಶ್ ಬಿಚ್ಚುವುದು ಅದಾದ ಮೇಲೆ.

ನಾಲ್ಕೆಳೆ

ಒಂದು ಸೇರ್ಪಡೆ. ಹೀಗೆ ಮಲಗಿಸಿದ ಕೈಟಿನ ಬ್ರೈಡಲ್ ಹೆಚ್ಚಾಗಿ ಯಾವುದೋ ತುದಿಗೆ ಸುತ್ತಿಕೊಂಡಿರುತ್ತದೆ. ಅದೇ ದಿನ ಮತ್ತೆ ಏರಿಸುವುದಾದರೆ ಲೈನ್ ಎಲ್ಲ ಬಿಚ್ಚಿ, ಬ್ರೈಡಲ್ ಬಿಡಿಸಿ, ಬಾರಿನಿಂದ ಹೊಸದಾಗಿ ಹಾಸಿಕೊಂಡು ಬನ್ನಿ. ಹಾಗೇ ಮುಂದುವರಿಸಿದರೆ ಐದು ನಿಮಿಷ ಉಳಿಯುತ್ತದೆ, ಮೇಲೆ ಹೇಳಿದ ಸುತ್ತು ಹೊಡೆಯುವ ಕೈಟ್ ಹುಟ್ಟುವುದು ಮುಖ್ಯವಾಗಿ ಹೀಗೇ. ವಿರಾಮಕ್ಕೆ ಹೋಗುವುದಾದರೆ ಲೈನ್ ಜೋಡಿಸಿಟ್ಟ ಕೈಟನ್ನು ದಡದಲ್ಲಿ ಬಿಟ್ಟು ಹೋಗಬೇಡಿ. ಸುತ್ತಿಡಿ, ಅರ್ಧ ಗಂಟೆಗಿಂತ ಹೆಚ್ಚಾದರೆ ಗಾಳಿಯನ್ನೂ ತೆಗೆಯಿರಿ. ಬಿಸಿಲಲ್ಲಿ ಪಟಪಟಿಸುತ್ತ ಬಿದ್ದಿರುವ ಬಟ್ಟೆ ಹಾರಿದ ಬಟ್ಟೆಗಿಂತ ಬೇಗ ಸವೆಯುತ್ತದೆ.